ಮೂರನೆಯ ಬಟ್ಟಲಿನ ಮಾತು

ಮಾರ್ಚ್ 3, ಬೆಳಿಗ್ಗೆ

ಉಪ್ಪು ಚಹಾಕ್ಕೆ ಬೆಣ್ಣೆ ಸಾಲಲಿಲ್ಲ. ನಿನ್ನೆಯ ರೊಟ್ಟಿ ಅದ್ದಿಕೊಂಡು ತಿಂದದ್ದಾಯಿತು. ಎರಡನೇ ವರ್ಷದವರ ಇಂಗ್ಲಿಷ್ ಪೇಪರು ಇನ್ನೂ ತಿದ್ದಿಲ್ಲ — ಗಜಲಿನ ಪುಸ್ತಕ ತೆರೆದರೆ ಹೀಗೇ.

ಸೇತುವೆಯ ಮೇಲೆ ಮತ್ತೆ ಆ ಮರಳು ಬಣ್ಣದ ಗಾಡಿಗಳು. ಹುಡುಗಿಯರು ‘ಒಂಟೆ’ ಅನ್ನುತ್ತಾರೆ. ಸಾಗರದಾಚೆಯ ದೇಶ ನಮ್ಮ ಸೈನ್ಯಕ್ಕೆ ಕೊಟ್ಟ ನೆರವು. ಹೊಳೆಯಾಚೆ ಅಫ್ಘನ್ ದಂಡೆ. ಗಡಿ ಕಾಯಲಿ ಎಂದು ಕೊಟ್ಟದ್ದು. ಕಳೆದ ನವೆಂಬರಿನಲ್ಲಿ ಒಂಟೆಗಳು ಹೊಳೆಗೆ ಬೆನ್ನು ಹಾಕಿ ಊರ ಚೌಕದ ಕಡೆ ತಿರುಗಿದವು. ನನ್ನ ಗೆಳತಿ ಬಖ್ತಮೋಳ ಮಗ ಶೋದ್ಮೋನ್ ಅಲ್ಲಿ ಭಾಷಣ ಕೇಳುತ್ತ ನಿಂತಿದ್ದ. ಅವನ ಜೊತೆ ಇನ್ನೂ ಕೆಲವರು. ಯಾರೂ ಜೀವಂತ ಮನೆಗೆ ಬರಲಿಲ್ಲ.

ರಾಜಧಾನಿಯಿಂದ ಮಹ್ರಂಬೆಕ್ ಫೋನ್ ಮಾಡಿದ್ದ. ಮಾನವ ಹಕ್ಕುಗಳ ಕಚೇರಿ ನಡೆಸುತ್ತಾನೆ, ನನ್ನ ಹಳೆಯ ಸಹಪಾಠಿ. ಮುಂದಿನ ವರ್ಷದ ನೆರವಿಗೆ ಸಾಗರದಾಚೆಯವರ ಸಂಸತ್ತಿನಲ್ಲಿ ಮತ ಹಾಕುತ್ತಾರಂತೆ. ಬೇಡವೆನ್ನುವವರೂ ಇದ್ದಾರೆ. ಸತ್ತವರು ನಿಜವಾಗಿ ಸತ್ತಿದ್ದಾರೆಯೇ ಎಂದು ನೋಡಲು ಒಬ್ಬ ಅಧಿಕಾರಿ ಬರುತ್ತಾನೆ. ದುಭಾಷಿ ಬೇಕು.

ಗಂಡ ಇಮೋಮ್ದೋದನಿಗೆ ಹೇಳಿದೆ. “ಹೋಗು ಅನ್ನಲ್ಲ, ಬೇಡ ಅಂತಲೂ ಅನ್ನಲ್ಲ ಮಾರಾಯ್ತಿ. ಫಿಸಿಕ್ಸ್ ಮೇಷ್ಟ್ರ ಹೆಂಡತಿ ನೀನು. ಬೀಳೋ ವಸ್ತು ಬಿದ್ದೇ ಬೀಳುತ್ತೆ,” ಅಂದ. ನಕ್ಕ. ಆಮೇಲೆ ಚಹಾ ಪೂರ್ತಿ ಕುಡಿಯಲಿಲ್ಲ.

ಮಾರ್ಚ್ 6

ಬಖ್ತಮೋಳ ಮನೆ. ಬೆಳಕಿಂಡಿಯಿಂದ ಬಿಸಿಲು ಸರಿಯಾಗಿ ರೊಟ್ಟಿಯ ಮೇಲೆ ಬೀಳುತ್ತಿತ್ತು. ಬಂದವನು ಕೆಲ್ಲರ್, ಚಿಕ್ಕ ವಯಸ್ಸು, ಬಿಸಿಲಿಗೆ ಮೂಗು ಸುಲಿದಿದೆ. ಜೊತೆಗೆ ಜಿಲ್ಲಾ ಕಚೇರಿಯವನೊಬ್ಬ — “ಬರೀ ದಾರಿ ತೋರಿಸೋಕೆ ಟೀಚರಮ್ಮ, ನಾನು ಇಲ್ಲ ಅಂದ್ಕೊಳ್ಳಿ.”

ಕೆಲ್ಲರ್ ಹೊಸ್ತಿಲಲ್ಲೇ ಕೇಳಿದ. ಅವಳ ಮಗನ ಬಗ್ಗೆ ವಿಚಾರಿಸಲು ಬಂದಿದ್ದೇನೆ ಎಂದು ಹೇಳಿ, ಅಂದ.

ಹೇಳಿದೆ. “ಬಖ್ತಮೋ, ಶೋದ್ಮೋನ್‌ನ ವಿಚಾರಿಸ್ತಿದ್ದಾರೆ.”

“ಚೆನ್ನಾಗಿದ್ದಾನೆ, ದೇವರ ದಯೆ. ಅವರ ಮಕ್ಕಳು ಚೆನ್ನಾಗಿದ್ದಾರಾ? ಬನ್ನಿ, ಕೂತ್ಕೊಳ್ಳಿ.”

ಹೊಸ್ತಿಲಲ್ಲಿ ಯಾರು ವಿಚಾರಿಸಿದರೂ ನಮ್ಮಲ್ಲಿ ಉತ್ತರ ಒಂದೇ. ಒಳಗೆ ಹೆಣ ಮಲಗಿದ್ದರೂ ಒಂದೇ. ಬಂದವರ ತಲೆಗೆ ನಮ್ಮ ದುಃಖ ಸುತ್ತಿಕೊಳ್ಳಬಾರದು. ಕಷ್ಟದ ಮಾತು ಮೂರನೆಯ ಬಟ್ಟಲು ಚಹಾ ಆದಮೇಲೆ. ನನ್ನ ಬಾಯಿ ಅವಳ ಮಾತನ್ನು ಹಾಗೇ ಇಂಗ್ಲಿಷಿಗೆ ದಾಟಿಸಿತ್ತು. ಕೆಲ್ಲರ್ ತಲೆಯೆತ್ತಿದ. ಬರೆದುಕೊಂಡ.

“ಅದು ಬರೀ ಉಪಚಾರ —” ಎಂದು ಇಂಗ್ಲಿಷಿನಲ್ಲಿ ಶುರುಮಾಡಿದೆ.

“ಟೀಚರಮ್ಮ, ಅವರು ಹೇಳಿದ್ದಷ್ಟೇ ಹೇಳಿ. ಕವಿತೆ ಕಟ್ಟಬೇಡಿ.” ಇಲ್ಲ ಅಂದುಕೊಳ್ಳಬೇಕಾದವನಿಗೆ ಇಂಗ್ಲಿಷ್ ಬರುತ್ತಿತ್ತು.

ಎರಡನೆಯ ಬಟ್ಟಲಿಗೆ ಕಚೇರಿಯವನು ಎದ್ದ. ಹಿಮ ಜಾರುವ ಹೊತ್ತು, ಘಾಟಿ ಮುಚ್ಚುತ್ತದೆ ಅಂದ. ಕೆಲ್ಲರನ ತೋಳು ಹಿಡಿದೇ ಕರೆದೊಯ್ದ. ಬಖ್ತಮೋ ಕೆಟಲ್ ಹಿಡಿದು ಬಾಗಿಲ ತನಕ ಓಡಿದಳು. “ಅಯ್ಯೋ, ಇನ್ನೊಂದು ಬಟ್ಟಲು! ನಾನಿನ್ನೂ ಏನೂ ಹೇಳೇ ಇಲ್ಲವಲ್ಲಾ!”

ಮಾರ್ಚ್ 15

ಕೆಲ್ಲರನ ವರದಿ ಬಂದಿದೆ. ಮಹ್ರಂಬೆಕ್ ಫೋನಿನಲ್ಲಿ ಓದಿದ. ‘ಸತ್ತನೆನ್ನಲಾದ ಒಬ್ಬ ಯುವಕ ಚೆನ್ನಾಗಿದ್ದಾನೆಂದು ಸ್ವತಃ ತಾಯಿ ತಿಳಿಸಿದ್ದಾರೆ. ಉಳಿದ ಹೆಸರುಗಳೂ ಅನುಮಾನಾಸ್ಪದ.’

ಸಂಜೆ ಬಖ್ತಮೋಳಿಗೆ ತಿಳಿಸಲು ಹೋದೆ. ಕೆಟಲ್ ಒಲೆಯ ಮೇಲಿಟ್ಟಳು. ಆಮೇಲೆ — “ನನ್ನ ಬಾಯಿಂದಲೇ ಬದುಕಿಸಿಬಿಟ್ಟೆ ಅವನನ್ನ.” ಒಲೆ ಕೆದಕುತ್ತ, “ಹಾಗಂದಾಗ ಒಂದು ಗಳಿಗೆ ಹಿತವಾಗಿತ್ತು ಕಣೇ.”

ಮಹ್ರಂಬೆಕ್ ಹೇಳುವುದು: ಮತಕ್ಕೆ ಮೊದಲು ಅವರ ಸಂಸತ್ತಿನ ಸಮಿತಿಯ ಮುಂದೆ ವಿಡಿಯೋದಲ್ಲಿ ತಾಯಿ ಹೇಳಬೇಕು. ಆ ದಿನದ ದುಭಾಷಿಯೂ. ಮುಖ ತೋರಿಸಿ, ಹೆಸರು ಹೇಳಿ.

ಆಗಲಿ ಎಂದೆ.

ಮಾರ್ಚ್ 21, ನವ್ರೂಜ್

ಮೊಳಕೆ ಗೋಧಿ ತಟ್ಟೆಯ ತುಂಬ ಹಸಿರಾಗಿದೆ. ಗೋಧಿಯ ಸಿಹಿ ಗಂಜಿ ಕುದಿಸಿದೆ. ಪ್ರತಿ ಹೊಸ ವರ್ಷದ ಈ ಹಬ್ಬಕ್ಕೆ ಓಣಿಯ ಹುಡುಗರು ಮಾಡು ಹತ್ತಿ ಬೆಳಕಿಂಡಿಯಿಂದ ವಸ್ತ್ರ ಇಳಿಬಿಡುತ್ತಾರೆ. ತುದಿಗೆ ಸಿಹಿ ಕಟ್ಟಬೇಕು, ಅವರು ಎಳೆದುಕೊಂಡು ಕೇಕೆ ಹಾಕಬೇಕು.

ಒಣ ಏಪ್ರಿಕಾಟ್ ತೊಳೆದು ಇಟ್ಟು ಕಾದೆವು. ಮಾಡಿನ ಮೇಲೆ ಹೆಜ್ಜೆಗಳು ಬಂದವು. ಪಕ್ಕದ ಮಾಡಿಗೆ ದಾಟಿದವು. ನಮ್ಮದಕ್ಕೆ ಒಂದೂ ವಸ್ತ್ರ ಇಳಿಯಲಿಲ್ಲ.

ಇಮೋಮ್ದೋದ್ ತಾನೇ ಮೇಲೆ ಹತ್ತಿ ತನ್ನ ಮಫ್ಲರ್ ಇಳಿಬಿಟ್ಟ. “ಏನಾದ್ರೂ ಕೊಡ್ರವ್ವಾ, ಬಡ ಮೇಷ್ಟ್ರು!” ನಕ್ಕು ಕಟ್ಟಿದೆ. ಎಳೆಯದೆ ನಿಂತ. ಏನಾಯಿತು ಎಂದು ಕೂಗಿದೆ.

“ಓಣಿಯ ತುದೀಲಿ ಒಂಟೆ ನಿಂತಿದೆ. ಮೂತಿ ನಮ್ಮ ಕಡೆ.”

ಮಾರ್ಚ್ 25

ಹೇಳಿದೆವು. ಕಾಲೇಜಿನ ಕಂಪ್ಯೂಟರ್ ಕೊಡಲಿಲ್ಲ; ನನ್ನ ಫೋನಿನಲ್ಲೇ, ಅವಳ ಮನೆಯಲ್ಲೇ.

ನಾನು ಮೊದಲು. ವಿಚಾರಿಸು ಎಂಬ ಮಾತಿಗೆ ನಮ್ಮಲ್ಲಿ ಎರಡು ಮುಖ ಎಂದೆ. ಒಂದು ಕ್ಷೇಮ ಕೇಳುವುದು. ಇನ್ನೊಂದು ಸತ್ಯ ಕೇಳುವುದು. ನೀವು ಎರಡನೆಯದನ್ನು ಕೇಳಿದಿರಿ, ನಾನು ಮೊದಲನೆಯದನ್ನು ದಾಟಿಸಿದೆ, ಎಂದೆ.

ಬಖ್ತಮೋ ಅದುರಲಿಲ್ಲ. ಮಗನ ಬೆನ್ನಿಗೆ ಎಲ್ಲಿ ಗುಂಡು ಬಿದ್ದಿತ್ತು, ಹೆಣ ತೊಳೆದವರು ಯಾರು, ಎಲ್ಲ ಹೇಳಿದಳು. ಸಮಿತಿಯ ಒಬ್ಬ ಮುದುಕ ಕೇಳಿದ — ನೆರವು ನಿಲ್ಲಿಸಿದರೆ ನಿಮ್ಮ ಗಡಿ ಕಾಯುವವರು ಯಾರು?

“ಗಡಿ ಕಾಯ್ಲಿ ಅಪ್ಪಾ, ಬೇಡ ಅಂದೋರು ಯಾರು? ನನ್ನ ಮಗ ಗಡಿ ಆಗಿರ್ಲಿಲ್ಲವಲ್ಲ.”

ದಾಟಿಸಿದೆ. ಒಂದು ಪದ ಹೆಚ್ಚಿಲ್ಲ, ಕಡಿಮೆ ಇಲ್ಲ.

ಮುಗಿದ ಮೇಲೆ ಮೂರನೆಯ ಬಟ್ಟಲು ಬಗ್ಗಿಸಿದಳು.

ಏಪ್ರಿಲ್ 8

ನೆರವು ತಡೆಹಿಡಿದಿದ್ದಾರೆ. ಪೂರ್ತಿ ಅಲ್ಲ — ಗಾಡಿ, ಬಂದೂಕು ಮಾತ್ರ. ಮಹ್ರಂಬೆಕ್ ಫೋನಿನಲ್ಲಿ ಅಳುತ್ತಿದ್ದ. ಕೊನೆಗೆ ದನಿ ತಗ್ಗಿಸಿ, “ಸ್ವಲ್ಪ ದಿನ ಎಲ್ಲಾದರೂ ಹೋಗಿರ್ತೀಯಾ?”

ಎಲ್ಲಿಗೆ? ಇರುವುದು ಒಂದೇ ರಸ್ತೆ. ಅದರ ಮೇಲೆ ಸೈನ್ಯದ ಮೂರು ಚೌಕಿ.

ಇರುವ ಒಂಟೆಗಳನ್ನು ಯಾರೂ ವಾಪಸ್ ಕೇಳಿಲ್ಲ.

ಏಪ್ರಿಲ್ 10

ಬಖ್ತಮೋಳ ಫೋನ್ ಆಫ್. ಮನೆಗೆ ಹೋದೆ. ಒಲೆ ಇನ್ನೂ ಬೆಚ್ಚಗಿದೆ, ರೊಟ್ಟಿ ಮಗುಚಿ ಬಿದ್ದಿದೆ. ನಮ್ಮಲ್ಲಿ ರೊಟ್ಟಿ ಮಗುಚುವುದು ಅಪಶಕುನ; ಅವಳ ಕೈಯ ರೊಟ್ಟಿ ಎಂದೂ ಮಗುಚಿ ಬಿದ್ದದ್ದಿಲ್ಲ. ಎತ್ತಿ ನೆಟ್ಟಗಿಟ್ಟೆ.

ಪಕ್ಕದ ಮನೆಯವಳು ಬಾಗಿಲ ಸಂದಿಯಿಂದಲೇ: “ವಿಚಾರಣೆಗೆ ಅಂತ ಕರ್ಕೊಂಡ್ ಹೋದ್ರು. ನಾನು ಹೇಳಿದೆ ಅನ್ಬೇಡ ಅಕ್ಕಾ.”

ಏಪ್ರಿಲ್ 11, ಮಧ್ಯಾಹ್ನ

ಅವಳ ಸುದ್ದಿ ಇಲ್ಲ. ಇಮೋಮ್ದೋದ್ ಜಿಲ್ಲಾ ಕಚೇರಿಯ ಬಾಗಿಲಲ್ಲಿ ಬೆಳಿಗ್ಗೆಯಿಂದ ನಿಂತಿದ್ದಾನೆ. ಪುಸ್ತಕ ತೆರೆದೆ. ಒಂದು ಸಾಲೂ ಒಳಗೆ ಹೋಗದು.

ಎಂಜಿನ್ ಸದ್ದು. ಓಣಿಯೊಳಗೇ ಬಂತು. ನಿಂತಿತು.

ಬಾಗಿಲು ತಟ್ಟುತ್ತಿದ್ದಾರೆ. ಜಿಲ್ಲಾ ಕಚೇರಿಯವನ ದನಿ, ಬಲು ಮೃದು. “ಟೀಚರಮ್ಮಾ, ಹೆದರ್ಕೋಬೇಡಿ. ಸುಮ್ನೆ ವಿಚಾರಿಸ್ಕೊಂಡು ಹೋಗೋಣ ಅಂತ ಬಂದ್ವಿ. ಚೆನ್ನಾಗಿದ್ದೀರಾ? ಮನೆಯವರು ಚೆನ್ನಾಗಿದ್ದಾರಾ?”

ಹೊಸ್ತಿಲಿನ ಉತ್ತರ ನಾಲಗೆಯ ಮೇಲೆ ತಾನಾಗಿಯೇ ಬಂದು ಕೂತಿದೆ. ಈ ಸಲ ಅದನ್ನು ಹೇಳುವುದಿಲ್ಲ. ಹೇಳುವುದು —