ಕೇರಿ ಕಡೆಯ ಬಾಗಿಲು

ಗಂಗಾವತಿ
೧೮ ನವೆಂಬರ್ ೨೦೨೪

ಪ್ರೀತಿಯ ಮಗಳು ಸಲೋಮಿಗೆ,

ನಿನ್ನ ತಾಯಿ ಅನ್ನಮ್ಮನ ಆಶೀರ್ವಾದಗಳು. ನಾನು ಗಟ್ಟಿಯಾಗಿದ್ದೇನೆ. ಅಳಿಯಂದಿರ ಬೆನ್ನುನೋವು ಇಳಿಯಿತೆ? ಭಾಗ್ಯನಗರದ ಹೊಸ ಮನೆಯ ಮೇಲಂತಸ್ತಿಗೆ ನೀರು ಏರುತ್ತಿದೆಯೆ? ಜನವರಿಯಲ್ಲಿ ನಮ್ಮ ಗುಡಿಯಲ್ಲಾಗುವ ಮದುವೆಗೆ ಶೈಲಶ್ರೀ ಸೀರೆ ಆರಿಸಿದಳೆಂದು ಕೇಳಿದೆ. ಮೊಮ್ಮಗಳಿಗೆ ಬಿಳಿ ಒಪ್ಪುತ್ತದೆ, ಜರಿ ಮಾತ್ರ ಅತಿಯಾಗದಿರಲಿ.

ಬರೆಯುವುದು ತಡವಾಯಿತು, ಬೇಸರಪಡಬೇಡ. ನೀನು ಎಷ್ಟೋ ಸಲ ಫೋನು ಮಾಡಿದಿ, ನಾನು ಎತ್ತಲಿಲ್ಲ. ಫೋನಿನಲ್ಲಿ ನನ್ನ ಮಾತು ಅರ್ಧಕ್ಕೆ ಬರುವುದರೊಳಗೆ "ಆತು ಬಿಡವ್ವಾ" ಅನ್ನುತ್ತಿ. ಕಾಗದಕ್ಕೆ ಹಾಗೆ ಅನ್ನಲು ಬರುವುದಿಲ್ಲ.

ನಮ್ಮ ದೇವಾಲಯದ ಕೆಲಸ ಮುಗಿದು, ಹೋದ ಭಾನುವಾರ ಹೊಸದು ಮಾಡಿದ ಕಟ್ಟಡದಲ್ಲಿ ಮೊದಲ ಆರಾಧನೆಯಾಯಿತು. ನೀನು ಬರಲಿಲ್ಲ, ಆದ್ದರಿಂದ ಹೇಳುತ್ತೇನೆ. ಕರಿಕಲ್ಲಿನ ಗೋಡೆಗಳು ಸಿಮೆಂಟಿನೊಳಗೆ ಹೋಗಿವೆ. ತೇಗದ ತೊಲೆಗಳನ್ನು ಬಿಳಿಯ ಸೀಲಿಂಗು ಮುಚ್ಚಿದೆ. ನೆಲಕ್ಕೆ ಹೊಳೆಯುವ ಟೈಲ್ಸು. ಅದರ ಮೇಲೆ ಕಾಲಿಡುತ್ತ ನಮ್ಮ ಕೇರಿಯ ಮುದಕಮ್ಮ, "ಜಾರಿದ್ರ ಸೀದಾ ಪರಲೋಕನ ಯಕ್ಕಾ, ನಡುವ ಪಾದ್ರಿನೂ ಬ್ಯಾಡ" ಅಂದಳು. ನಗು ಬಂತು. ಫ್ಯಾನುಗಳು ಛಲೋ ಇವೆ, ಹೆಂಗಸರಿಗೆ ಶೌಚಾಲಯ ಕಟ್ಟಿಸಿದ್ದಾರೆ. ಒಳ್ಳೆಯದನ್ನು ಒಳ್ಳೆಯದೆಂದೇ ಬರೆಯುತ್ತೇನೆ.

ಉಪದೇಶ ಮಾಡುವ ಪ್ರಸಂಗಪೀಠವನ್ನು ಮೂಲೆಗೆ ಸರಿಸಿದ್ದಾರೆ. ನಾವು ಪ್ರೆಸ್ಬಿಟೇರಿಯನ್ ಸಭೆಯವರು, ದೇವರ ವಾಕ್ಯಕ್ಕಿಂತ ದೊಡ್ಡದು ಯಾವುದೂ ಇಲ್ಲವೆಂದು ಅದನ್ನು ನಟ್ಟನಡುವೆ, ಎತ್ತರದಲ್ಲಿ ಇಟ್ಟವರು. ಆ ಜಾಗದಲ್ಲಿ ಈಗ ಡ್ರಮ್ಮು ಕೂತಿದೆ. ಅದನ್ನೂ ನುಂಗಿಕೊಂಡೆ.

ಬಾಗಿಲನ್ನು ಮಾತ್ರ ನುಂಗಲಾಗಲಿಲ್ಲ. ಕೇರಿಯ ಕಡೆಗಿದ್ದ ಕಮಾನಿನ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿ, ಅದರ ಮೇಲೆ ಹಾಡು ತೋರಿಸುವ ಪರದೆ ಇಳಿಬಿಟ್ಟಿದ್ದಾರೆ. ಗುಡಿಯ ಮುಖ ಈಗ ದೊಡ್ಡ ರಸ್ತೆಗೆ, ಗಾಜಿನ ಬಾಗಿಲು, ಮುಂದೆ ಕಾರು ನಿಲ್ಲಿಸುವ ಜಾಗ. ಅಂದರೆ ಗುಡಿಯನ್ನೇ ತಿರುಗಿಸಿ ಕೇರಿಗೆ ಬೆನ್ನು ಮಾಡಿ ಕೂರಿಸಿದ್ದಾರೆ.

ನಿನಗೆ ಗೊತ್ತಿದೆ, ಅದನ್ನು ಕಟ್ಟಿದವನು ನನ್ನ ಅಜ್ಜ ಹನಮಪ್ಪ. ದೀಕ್ಷಾಸ್ನಾನವಾದ ಮೇಲೂ ಹೆಸರು ಬಿಡದ ಮನುಷ್ಯ. ಮಿಶನ್ನಿನ ಬಿಳಿ ದೊರೆ ಬಾಗಿಲನ್ನು ರಸ್ತೆಗೆ ಇಡೋಣವೆಂದಾಗ, "ಬರೋ ಮಂದಿ ಇತ್ಲಾಗಿಂದ, ಬಾಗಿಲ ಅತ್ಲಾಗ ಯಾಕ್ರೀ ಸಾಹೇಬ್ರ?" ಎಂದು ಕೇಳಿದವನು. ಆಗ ನಮ್ಮವರು ಆ ರಸ್ತೆಯಲ್ಲಿ ಚಪ್ಪಲಿ ಮೆಟ್ಟಿ ನಡೆಯುವ ಹಾಗಿರಲಿಲ್ಲ. ಊರಿನಲ್ಲಿ ನಮ್ಮ ಕಡೆಗೆ ಮುಖ ಮಾಡಿದ ಕಟ್ಟಡ ಅದೊಂದೇ ಇತ್ತು.

ಭಾನುವಾರ ಮುದಕಮ್ಮ ತನ್ನ ಮನೆಯಿಂದ ಹೊರಟು, ರೂಢಿಯ ಕಾಲುಗಳು ಒಯ್ದಲ್ಲಿಗೇ ಹೋಗಿ ಗೋಡೆಯ ಮುಂದೆ ನಿಂತಿದ್ದಳಂತೆ. ಸಂತೆಯ ಓಣಿ ಸುತ್ತಿ ಬರುವಷ್ಟರಲ್ಲಿ ಪ್ರಸಂಗ ಮುಗಿಯುತ್ತ ಬಂದಿತ್ತು. ನನ್ನ ಪಕ್ಕ ಕೂತು ಮೊಣಕಾಲು ತಿಕ್ಕುತ್ತ, "ಯಕ್ಕಾ, ನಮ್ಮ ಬಾಗಿಲಾ ಎಲ್ಲಿಗಿ ಹೋತ?" ಎಂದಳು. ಪರದೆಯ ಕಡೆಗೆ ಕೈ ತೋರಿಸಿದೆ.

ಈ ಕೆಲಸಕ್ಕೆ ಮುಂಚೆ ಸಭಾಪಾಲಕರು ನಮ್ಮ ಮನೆಗೆ ಬಂದಿದ್ದರು. ವಯಸ್ಸಿನಲ್ಲಿ ಇನ್ನೂ ಹುಡುಗರು, ಕರಾವಳಿಯ ಕಡೆಯವರು, ಮರ್ಯಾದಸ್ತರು. "ನಿಮ್ಮ ಅಜ್ಜ ಕಟ್ಟಿದ್ದಲ್ಲವಾ ಅಮ್ಮಾ, ನೀವು ಒಪ್ಪದೆ ಆ ಬಾಗಿಲನ್ನು ಮುಟ್ಟುವುದಿಲ್ಲ" ಅಂದರು. ಚಹಾ ಕೊಟ್ಟು "ನೋಡೂಣ್ರಿ" ಅಂದೆ. ಮನೆಗೆ ಬಂದ ಗುರುಗಳಿಗೆ ಮುಖದ ಮೇಲೆ ಇಲ್ಲ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ನನ್ನ ಬಾಯಲ್ಲಿ "ನೋಡೂಣ" ಬಂದರೆ ಆ ಮಾತು ಅಲ್ಲಿಗೆ ಸತ್ತಿತೆಂದು ನಮ್ಮ ಮನೆಯ ಬೆಕ್ಕಿಗೂ ಗೊತ್ತು. ಸಾಲೆಯವರ ಜೊತೆ ಹಂಪಿಗೆ ಕಳಿಸೆಂದು ನೀನು ಕೇಳಿದಾಗ ನಾನು "ನೋಡೂಣ" ಅಂದದ್ದಕ್ಕೆ, ಕಟ್ಟಿದ ಚೀಲ ಬಿಚ್ಚಿ ಅತ್ತವಳು ನೀನು.

ಆಮೇಲೊಂದು ದಿನ ಕಮಾನಿನೊಳಗೆ ಇಟ್ಟಿಗೆ ಏರುತ್ತಿದೆಯೆಂದು ಕೇಳಿ ಓಡಿದೆ. ಗೌಂಡಿ ಶಾಮೀದಸಾಬನನ್ನು, "ಯಾರ ಅಪ್ಪಣಿಲೆ ಕಟ್ಟಾಕ ಹತ್ತೀಯೋ?" ಅಂದೆ. ಅವನು ಕರಣಿ ಕೆಳಗಿಟ್ಟು, "ನಿಮ್ಮದ ಅಂದ್ರಲ್ರೀ ಅಮ್ಮಾರ! ನೀವ ಹೂಂ ಅಂದೀರಂತ" ಅಂದ. ಸಭೆಯ ಹಿರಿಯರಲ್ಲಿ ನಿನ್ನ ಚಿಕ್ಕಪ್ಪನ ಮಗ ಪ್ರಭುರಾಜನೂ ಒಬ್ಬನಲ್ಲವೆ? ಅವನನ್ನು ಅಂಗಳದಲ್ಲೇ ನಿಲ್ಲಿಸಿ ಕೇಳಿದೆ: "ಮೀಸಿ ಬೆಳ್ಳಗಾದ್ರ ಹಿರ್ಯಾ ಆಗಂಗಿಲ್ಲೋ. ನನ್ನ ಬಾಯಾಗ ಇಲ್ಲದ ಮಾತು ನಿಮಗ ಹೆಂಗ ಕೇಳಸ್ತು?" ಅವನು ತಲೆ ತಗ್ಗಿಸಿ, "ದೊಡ್ಡವ್ವಾ, ನೀ ಒಪ್ಪೀದಿ ಅಂತ ಸಭಾದಾಗ ಹೇಳಿದ್ರು, ಕೈ ಎತ್ತಿದೆ. ಯಾರು ಅಂತ ನನ್ನ ಬಾಯಿಲೆ ಹೇಳಿಸಬ್ಯಾಡ" ಎಂದ. ಸಭೆಯ ತೀರ್ಮಾನವೆಂದು ಕೆಲಸ ನಿಲ್ಲಲಿಲ್ಲ, ಅವತ್ತಿನಿಂದ ಅವನು ನನ್ನೆದುರು ಸುಳಿದಿಲ್ಲ.

ಊಟದ ಹೊತ್ತಾಯಿತು. ಅಳಿಯಂದಿರಿಗೆ ನಮಸ್ಕಾರ ತಿಳಿಸು. ಶೈಲಶ್ರೀಯ ಸಂಸಾರವನ್ನು ದೇವರು ತನ್ನ ಕಣ್ಣೆದುರೇ ಇಟ್ಟು ಕಾಯಲಿ, ಅವಳ ಮನೆಯಲ್ಲಿ ರೊಟ್ಟಿಗೂ ನಗುವಿಗೂ ಕೊರತೆ ಬಾರದಿರಲಿ. ನಿನಗೂ ಆಯುಸ್ಸು ಆರೋಗ್ಯ ಕೊಡಲಿ.

ನಿನ್ನ ತಾಯಿ,
ಅನ್ನಮ್ಮ

ತಾ.ಕ.: ಆಶೀರ್ವಾದಕ್ಕಿಂತ ಮೇಲೆ ಇದನ್ನು ಬರೆಯಬಾರದೆಂದು ಕೆಳಗೆ ಬರೆಯುತ್ತಿದ್ದೇನೆ. ಭಾನುವಾರ ಆರಾಧನೆಯಾದ ಮೇಲೆ ಸಭಾಪಾಲಕರನ್ನೇ ಕೇಳಿದೆ. ಪಾಪ, ಅವರಿಗೆ ಮುಚ್ಚಿಡುವುದೇನಿತ್ತು? "ನೀವು 'ನೋಡೂಣ' ಅಂದದ್ದು ಹೌದೋ ಅಲ್ಲವೋ ನನಗೆ ತಿಳಿಯಲಿಲ್ಲ ಅಮ್ಮಾ. ನಿಮ್ಮ ಮಗಳಿಗೆ ಫೋನು ಮಾಡಿದೆ. 'ಅವ್ವ ಹಂಗಂದ್ರ ಒಪ್ಪಿದಂಗರಿ. ಜನವರಿಯೊಳಗ ಮುಗಿಸ್ರಿ, ಬೀಗರು ಕೇರಿ ಹಾಯ್ದು ಬರೋದು ಬ್ಯಾಡ' ಅಂದರು" ಎಂದರು. ನನ್ನ ಮಾತಿನ ಅರ್ಥ ಗೊತ್ತಿಲ್ಲದವರು ಕೇಳಿದ್ದು, ಗೊತ್ತಿದ್ದವಳನ್ನು. ನೀನು ಹುಟ್ಟಿದ್ದು ಆ ಕೇರಿಯಲ್ಲಿ, ಸಲೋಮಿ.

ಮದುವೆಯ ದಿನ ನಾನು ಗಾಜಿನ ಬಾಗಿಲಿನಿಂದ ಒಳಗೆ ಬರುವುದಿಲ್ಲ. ಮುಚ್ಚಿದ ಗೋಡೆಯ ಈಚೆಗೆ, ಮುದಕಮ್ಮನ ಮನೆಯ ಕಟ್ಟೆಯ ಮೇಲೆ ಕೂತಿರುತ್ತೇನೆ. ಅಜ್ಜಿ ಅಲ್ಲಿ ಯಾಕೆ ಕೂತಿದ್ದಾಳೆಂದು ಶೈಲಶ್ರೀ ಕೇಳುತ್ತಾಳೆ, ಬೀಗರೂ ಕೇಳುತ್ತಾರೆ. ಉತ್ತರ ನೀನೇ ಕೊಡು. ನನ್ನ ಪರವಾಗಿ ಮಾತಾಡುವುದು ನಿನಗೆ ಬರುತ್ತದಲ್ಲ.