ಹೊಸ್ತಿಲಾಚೆ ನಿಂತ ರಕ್ತಪಿಶಾಚಿ

ಮಗ ಮಾಂತೇಶನಿಗೆ, ಗೋವಾದ ವಾಸ್ಕೋ ಊರಿನ ಮಂಗೋರ್ ಹಿಲ್‌ನಿಂದ ನಿನ್ನ ಅವ್ವ ಭಾಗವ್ವ ಬರೆಯುವುದು. ನೀನು ಎಲ್ಲಿದ್ದೀಯೋ ಯಾರಿಗೂ ಗೊತ್ತಿಲ್ಲ. ಆದರೂ ನಿನ್ನ ಮಗಳ ಸುದ್ದಿ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ.

ನೀಲಾ ಕಂಪ್ಯೂಟರಿನಲ್ಲಿ ಒಂದು ಆಟ ಆಡುತ್ತಾಳೆ. ಅವಳ ತಂಡದಲ್ಲಿ ಒಬ್ಬ ರಕ್ತಪಿಶಾಚಿ ಇದ್ದಾನೆ. ನಿನ್ನ ಹಾಗೆ ರೂಪವಂತ, ನಿನ್ನ ಹಾಗೆ ಸುಳ್ಳುಗಾರ. ಮಲಗಿದ್ದ ಗೆಳೆಯನ ಕುತ್ತಿಗೆಗೇ ಬಾಯಿ ಹಾಕಿದ್ದ. ಓಣಿಯ ಹುಡುಗರೆಲ್ಲ ತಮ್ಮ ತಮ್ಮ ಆಟದಲ್ಲಿ ಅವನನ್ನು ಕೊಂದು ಮುಂದೆ ಹೋದರು. ನಾನೂ ಕೊಲ್ಲು ಅಂದೆ. ಇವಳು ಮಾತ್ರ ಅವನನ್ನು ಬೈದು, ಆಡಿನ ರಕ್ತ ಕುಡಿಸಿ, ಜೊತೆಗೇ ಇಟ್ಟುಕೊಂಡಳು.

ಇವತ್ತು ಆಟದಲ್ಲಿ ಅವನು ಬೆಂಕಿ ಬಿದ್ದ ಊರಿನಿಂದ ಒಂದು ಕೂಸನ್ನು ಎತ್ತಿಕೊಂಡು, ಇವಳು ಇಳಿದುಕೊಂಡಿದ್ದ ಮನೆಯ ಬಾಗಿಲಿಗೆ ಬಂದ. ಒಳಗಿನವರು ಕರೆಯದೆ ಅಂಥವರು ಹೊಸ್ತಿಲು ದಾಟುವಂತಿಲ್ಲ. ಬಿಸಿಲು ಬಿದ್ದರೆ ಸುಟ್ಟು ಬೂದಿ. ಮೂಡಲು ಕೆಂಪಾಗುತ್ತಿತ್ತು. ಆದರೂ ಅವನು ಕೇಳಿದ್ದು ಒಂದೇ, ಈ ಕೂಸನ್ನು ಒಳಗೆ ಕರೆದುಕೊಳ್ಳಿ ಅಂತ.

"ಅವನ್ನೂ ಕರಿಯವ್ವಾ ಲಗೂನ, ಸುಟ್ಟು ಹೋಗತಾನ" ಅಂದೆ.

"ಕೊಲ್ಲು ಅಂದಾಕಿ ನೀನಽ ಅಲ್ಲೇನ ಅಜ್ಜಿ?" ಎಂದು ನಕ್ಕಳು. ನಗುತ್ತಲೇ ಕರೆದಳು.

ಅಂಥವನನ್ನೂ ಮನುಷ್ಯನನ್ನಾಗಿ ಮಾಡಿದಳು ನಮ್ಮ ಹುಡುಗಿ. ಓಣಿಗೆಲ್ಲ ಹೇಳಿಕೊಂಡು ಬಂದೆ. ಆ ಬುದ್ಧಿ ಅವಳಿಗೆ ನನ್ನಿಂದ ಬಂದದ್ದಲ್ಲ.

ಮಾಂತೇಶ, ಕರೆಯದೆ ಒಳಗೆ ಬರಬಾರದು ಅನ್ನುವ ನೇಮ ಆ ಪಿಶಾಚಿಗಷ್ಟೇ. ನಿನಗಲ್ಲ.