ಯಾವ ಠಾಣೆಗೂ ಸೇರದ ಲೇಔಟ್

4-11-2024, ಬೆಳಿಗ್ಗೆ 7
ವಾಕಿಂಗ್ ಆಯಿತು. ಮೊಣಕಾಲು ನೋವು ಇದ್ದಷ್ಟೇ. ಗೇಟಿನಲ್ಲಿ ಹೊಸ ಸೆಕ್ಯುರಿಟಿ. ಹೆಂಗಸು. ಸೀರೆಯ ಮೇಲೆ ಏಜೆನ್ಸಿಯ ಅಂಗಿ, ತೋಳು ಬೆರಳಿನ ತನಕ. ನೀಲಗಂಗವ್ವ, ಕಾಗಿನೆಲೆ ಕಡೆಯವಳಂತೆ.

ಐದು ವರ್ಷವಾಯಿತು, ರಾಣೆಬೆನ್ನೂರಿನ ಅಂಚಿನ ಈ ಲೇಔಟ್ ಯಾವ ಠಾಣೆಯದು ಎಂದು ತೀರ್ಮಾನವಾಗಿಲ್ಲ. ಈ ಠಾಣೆಯವರು ಆ ಠಾಣೆಗೆ ಕಳಿಸುತ್ತಾರೆ, ಆ ಠಾಣೆಯವರು ಈ ಠಾಣೆಗೆ. ಅದಕ್ಕೇ ಜನ ವಂತಿಗೆ ಹಾಕಿ ಹಾವೇರಿಯ ಏಜೆನ್ಸಿಯಿಂದ ಕಾವಲು ತರಿಸಿದ್ದು. ಅದಕ್ಕೇ ಜಗಳವಾದರೆ ನನ್ನ ಮನೆಯ ಕಟ್ಟೆಗೆ ಬರುವುದು. ಇಪ್ಪತ್ತೆರಡು ವರ್ಷ ಠಾಣೆಯಲ್ಲಿ ರೈಟರ್ ಆಗಿದ್ದವನು. ಹೇಳಿಕೆ ಬರೆದುಕೊಳ್ಳುತ್ತೇನೆ, ಓದಿ ಹೇಳುತ್ತೇನೆ, ಸಹಿ ಹಾಕಿಸುತ್ತೇನೆ.

9-11
ಲೇಔಟಿನ ಕನಕರಾಜನ ಬಿತ್ತನೆ ಬೀಜದ ಟೆಂಪೋ ಪಕ್ಕದ ಮನೆಯ ಶಾಬುದ್ದೀನನ ಬಾಗಿಲಿಗೆ ಅಡ್ಡ. ಕೊರಳಪಟ್ಟಿ ಹಿಡಿಯುವ ಹಂತ. ನಾನು ಹಾಳೆ, ಪೆನ್ನು ಹುಡುಕಿ ಹೊರಬರುವಷ್ಟರಲ್ಲಿ ಮುಗಿದಿತ್ತು. ನೀಲಗಂಗವ್ವ ಇಬ್ಬರ ಗಾಡಿ ಚಾವಿಯನ್ನೂ ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದ್ದಳು.
"ಇಬ್ರೂ ಕೂಡಿ ಬಂದು ಕೇಳ್ರಿ, ಕೊಡ್ತೇನಿ. ಒಬ್ರ ಬಂದ್ರ ಇಲ್ಲ."
ಹತ್ತು ಗಂಟೆಗೆ ಇಬ್ಬರೂ ಗೇಟಿನ ಬಳಿ ಒಂದು ಚಹಾ ಎರಡು ಮಾಡಿ ಕುಡಿಯುತ್ತಿದ್ದರು.
"ಯಾವ ಸೆಕ್ಷನ್ ಮ್ಯಾಲೆ ಜಪ್ತಿ ಮಾಡಿದಿ ಯವ್ವಾ?" ಎಂದೆ.
"ಸೆಕ್ಷನ್ ನನಗೇನ್ ತಿಳಿತೈತ್ರಿ ಸಾಹೇಬ್ರ. ಗಾಡಿ ಇಲ್ದ ಗಂಡಸು ಲಗೂ ಶಾಣ್ಯಾ ಅಕ್ಕಾನ ನೋಡ್ರಿ."
ನಿಂತವರೆಲ್ಲ ನಕ್ಕರು. ನನ್ನ ಹೆಂಡತಿ ಸುನಿತಾ ಕೂಡ.

18-11
ಒಂಬತ್ತು ದಿನ. ಕಟ್ಟೆಗೆ ಒಬ್ಬರೂ ಬಂದಿಲ್ಲ. ಜಗಳಗಳೇನೂ ನಿಂತಿಲ್ಲ. ನೀರಿನ ಪೈಪು, ನಾಯಿ, ಅತ್ತೆ-ಸೊಸೆ... ಎಲ್ಲ ಗೇಟಿನಲ್ಲೇ. ಕುರ್ಚಿಯನ್ನು ಕಿಟಕಿಯ ಕಡೆ ಸ್ವಲ್ಪ ಸರಿಸಿದ್ದೇನೆ, ಬೆಳಕಿಗಾಗಿ. ಅಲ್ಲಿಂದ ಗೇಟು ಕಾಣುತ್ತದೆ.

ಸುನಿತಾ ಡಬ್ಬಿಯಲ್ಲಿ ರೊಟ್ಟಿ, ಪುಂಡಿಪಲ್ಯ ತುಂಬಿಕೊಂಡು ಹೊರಟಳು.
"ಯಾರಿಗದು?"
"ನೀಲಕ್ಕಗ."
ಅಕ್ಕ! "ಅಂಥಾದ್ದೇನ್ ಮಾಡ್ತಾಳ ಆಕಿ?"
"ಕೇಳ್ತಾಳ್ರಿ. ನೀವು ಬರಕೋತೀರಿ."

19-11
ಏಜೆನ್ಸಿಗೆ ಮೂಕರ್ಜಿ. ಹೆಸರಿಲ್ಲ, ಸಹಿಯಿಲ್ಲ. 'ಸದರಿ ಮಹಿಳೆಯು ನಿವಾಸಿಗಳ ವಾಹನದ ಚಾವಿಗಳನ್ನು ಬಲವಂತವಾಗಿ ಕಸಿದುಕೊಳ್ಳುತ್ತಿದ್ದು...' ಒಂದು ಮಾತೂ ಸುಳ್ಳಲ್ಲ. ಮೊದಲು ಎಡಗೈಯಲ್ಲಿ ಬರೆದೆ. ಅಕ್ಷರ ವಿಕಾರ. ನೋಡಲಾಗಲಿಲ್ಲ. ಹರಿದು, ಬಲಗೈಯಲ್ಲೇ ಬರೆದೆ. ಬಸ್ಸಿನಲ್ಲಿ ಬ್ಯಾಡಗಿಗೆ ಹೋಗಿ ಅಂಚೆಗೆ ಹಾಕಿ ಬಂದೆ.

2-12, ಮಧ್ಯಾಹ್ನ
ಕಟ್ಟೆ ತುಂಬ ಜನ. ಒಂದು ಗಳಿಗೆ ಸಂತೋಷವಾಯಿತು, ಸುಳ್ಳೇಕೆ.
"ನೀಲಕ್ಕನ ಮ್ಯಾಲೆ ಯಾರೋ ಮೂಕರ್ಜಿ ಹಾಕ್ಯಾರ್ರಿ," ಎಂದ ಕನಕರಾಜ. "ಸಂಜಿಕ ಏಜೆನ್ಸಿ ಮ್ಯಾನೇಜರ್ ಬರ್ತಾನ, ಆಕೀನ್ನ ಕೆಲಸದಿಂದ ತಗ್ಯಾಕ."
"ಬರದಾಂವ ಸಿಗ್ಲಿ, ಚಾವಿ ಅಲ್ಲ, ಗಾಲೀನ ಬಿಚ್ಕೋತೇನಿ," ಎಂದ ಶಾಬುದ್ದೀನ. "ನೀವೊಂದು ಅರ್ಜಿ ಬರೀರಿ ಸಾಹೇಬ್ರ. ಮೂವತ್ತೂ ಮನಿಯವ್ರು ಸಹಿ ಹಾಕ್ತೇವಿ."
ಟೈಪ್ ಮಾಡಿಸೋಣ ಎಂದೆ.
"ಬ್ಯಾಡ್ರಿ. ನಿಮ್ಮ ಅಕ್ಷರಕ್ಕ ಒಂದು ಖದರ್ ಐತಿ," ಎಂದ ಶಾಬುದ್ದೀನ. "ಮ್ಯಾನೇಜರ್ ಆ ಮೂಕರ್ಜೀನೂ ತರ್ತಾನಂತ. ಎರಡೂ ಮಗ್ಗಲ ಮಗ್ಗಲ ಇಟ್ಟು ನೋಡ್ಲಿ."

ಸಂಜೆ 4
ಟೈಪಿಂಗ್ ಅಂಗಡಿ ತನಕ ಹೋದೆ. ತೆರೆದಿತ್ತು. ಮರಳಿ ಬಂದೆ. ಗೇಟಿನಲ್ಲಿ ನೀಲಗಂಗವ್ವ ಏಜೆನ್ಸಿಯ ಅಂಗಿ ಬಿಚ್ಚಿ ಮಡಿಚುತ್ತಿದ್ದಳು.
"ಬರದ್ರೇನ್ರಿ ಸಾಹೇಬ್ರ?"
"ಬರಿಯಾಕತ್ತೇನಿ."
"ಆ ಮನ್ಷ್ಯಾಗ ನನ್ನ ಮ್ಯಾಲೆ ಏನ್ ಸಿಟ್ಟಿತ್ತೋ. ಇಲ್ಲಿ ಬಂದು ಹೇಳಿದ್ರ ಕೇಳ್ತಿದ್ದೆ."

5.30
ಅರ್ಜಿ ಬರೆದೆ. ಬಲಗೈಯಲ್ಲಿ. ಮೂವತ್ತು ಸಹಿ ಬಿದ್ದವು, ಯಾರೂ ಓದಲಿಲ್ಲ. ಆದರೆ ಸಹಿ ಎಷ್ಟೇ ಇರಲಿ, ದೂರು ಕೊಟ್ಟವನೇ ಹಿಂದಕ್ಕೆ ಪಡೆಯದೆ ದೂರು ಮುಗಿಯುವುದಿಲ್ಲ. ಠಾಣೆಯಲ್ಲಿ ಎಷ್ಟೋ ಜನರಿಗೆ ಹೇಳಿದ ಮಾತು. ಸಹಿಗಳ ಕೆಳಗೆ ಎರಡು ಬೆರಳಿನಷ್ಟು ಜಾಗ ಉಳಿದಿದೆ.

ಮ್ಯಾನೇಜರನ ಬೈಕು ಗೇಟಿಗೆ ಬಂತು. ಸುನಿತಾ ಕರೆಯುತ್ತಿದ್ದಾಳೆ. ಅಲ್ಲಿ ಬರೆಯಬೇಕಾದ ಸಾಲನ್ನು ಮೊದಲು ಇಲ್ಲಿ ಬರೆದು ನೋಡುತ್ತೇನೆ:

'ಸದರಿ ಮೂಕರ್ಜಿಯನ್ನು ಬರೆದವನು...'